ಮೂರನೇ ರಾತ್ರಿಯ ಟೊಮೆಟೊ ಬಾಕ್ಸ್

ರಾತ್ರಿ ಎರಡು ಗಂಟೆ ಇರಬಹುದು. ಮಾವ ಆಸ್ಪತ್ರೆಯ ಮಂಚದ ಮೇಲೆ ಎದ್ದು ಕೂತು ಗಾಳಿಯಲ್ಲಿ ಏನನ್ನೋ ಎತ್ತಿ ಪಕ್ಕಕ್ಕಿಡುತ್ತಿದ್ದರು. ಬಗ್ಗೋದು, ಎರಡೂ ಕೈಯಲ್ಲಿ ಹಿಡಿಯೋದು, ಉಸಿರು ಕಟ್ಟಿ ಎತ್ತೋದು, ಇಡೋದು. ಬಾಯಲ್ಲಿ ಲೆಕ್ಕ. 'ನೂರಾ ಮೂವತ್ತೆಂಟು, ನೂರಾ ಮೂವತ್ತೊಂಬತ್ತು...' ಅವರು ಕೋಲಾರದ ಎಪಿಎಂಸಿಯಲ್ಲಿ ಹಮಾಲಿ. 15 ಕೆಜಿಯ ಟೊಮೆಟೊ ಬಾಕ್ಸ್‌ಗಳನ್ನು ಲಾರಿಗೆ ತುಂಬುವ ಕೆಲಸ. ಅಷ್ಟು ವರ್ಷ ಮಾಡಿದ್ದನ್ನು ಕೈ ಮರೆತಿರಲಿಲ್ಲ, ತಲೆ ಮಾತ್ರ ಎಲ್ಲೋ ಹೋಗಿತ್ತು.

'ಮಲಗಿ ಮಾವ' ಅಂದೆ.

'ಲಾರಿ ಹೊರಡುತ್ತೆ ಕಣೋ, ಬಾ, ಒಂದು ಕೈ ಹಾಕು' ಅಂದರು.

ನೈಟ್ ಡ್ಯೂಟಿಯ ಸಿಸ್ಟರ್ ಬಂದು ನಾಡಿ ನೋಡಿದರು, ಬಿಪಿ ನೋಡಿದರು, ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ ಒಂದು ಇಂಜೆಕ್ಷನ್ ಕೊಟ್ಟರು. ನನ್ನ ಮುಖ ನೋಡಿ ಹೇಳಿದರು: 'ಹೆದರ್ಕೋಬೇಡಿ. ಕುಡಿಯೋದು ನಿಲ್ಸಿ ಇವತ್ತಿಗೆ ಮೂರನೇ ರಾತ್ರಿ. ಬರೋರಿಗೆ ಇವತ್ತೇ ಬರೋದು.'

ಆ 'ಇವತ್ತೇ ಬರೋದು' ಅನ್ನೋ ಮಾತು ತಲೆಯಲ್ಲಿ ಉಳಿದುಬಿಟ್ಟಿತು. ಇಷ್ಟು ಕರಾರುವಾಕ್ಕಾಗಿ ಗೊತ್ತಿರುವ ವಿಷಯ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಊರಿನವರೆಲ್ಲ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದು ಒಂದೇ ಮಾತು: 'ಮನಸ್ಸು ಮಾಡಿದ್ರೆ ಬಿಡಬಹುದು.' ಮಾವ ಮನಸ್ಸು ಮಾಡಿಯೇ ಬಿಟ್ಟಿದ್ದರು. ಅದಕ್ಕೇ ಹೀಗಾಗಿದ್ದು.

ದಿನಾ ಕುಡಿದು ಕುಡಿದು ಮೆದುಳು ಹೆಂಡಕ್ಕೆ ಹೊಂದಿಕೊಂಡಿರುತ್ತದೆ. ಹೆಂಡ ಮೆದುಳನ್ನು ಮಂಕು ಮಾಡುತ್ತದೆ, ಮೆದುಳು ಅದಕ್ಕೆ ಎದುರಾಗಿ ತನ್ನ ಓಟ ಜಾಸ್ತಿ ಮಾಡಿಕೊಂಡಿರುತ್ತದೆ. ಹೆಂಡ ಒಂದೇ ಸಲ ನಿಂತರೆ ಬ್ರೇಕ್ ಇಲ್ಲದ ಗಾಡಿ. ಕೊನೇ ಗ್ಲಾಸ್ ಆದ ಆರೇಳು ಗಂಟೆಗೆ ಕೈ ನಡುಕ, ಬೆವರು, ವಾಂತಿ ಶುರು. ಮೊದಲ ಎರಡು ದಿನದಲ್ಲಿ ಕೆಲವರಿಗೆ ಫಿಟ್ಸ್. ಎರಡರಿಂದ ಮೂರು ದಿನದ ಹೊತ್ತಿಗೆ ಕೆಲವರಿಗೆ ಈ ಭ್ರಮೆ. ಇರುವೆ ಹರಿಯುತ್ತದೆ, ಹಾವು ಕಾಣುತ್ತದೆ, ಸತ್ತವರು ಬಾಗಿಲಲ್ಲಿ ನಿಂತು ಕರೆಯುತ್ತಾರೆ. ಮಾಡುವ ಕಸುಬನ್ನೇ ಗಾಳಿಯಲ್ಲಿ ಮಾಡೋದು ಕೂಡ ವೈದ್ಯರಿಗೆ ಹಳೇ ಪರಿಚಯ. ದರ್ಜಿ ಸೂಜಿಗೆ ದಾರ ಪೋಣಿಸುತ್ತಾನೆ, ಡ್ರೈವರ್ ಸ್ಟೇರಿಂಗ್ ತಿರುಗಿಸುತ್ತಾನೆ. ಊರಲ್ಲಿ ಇದನ್ನು ನೋಡಿದವರು 'ಗಾಳಿ ಸೋಕಿದೆ' ಅಂತ ಮಂತ್ರ ಹಾಕಿಸೋಕೆ ಕರೆದುಕೊಂಡು ಹೋಗುತ್ತಿದ್ದರು. ತಪ್ಪು ಅನ್ನೋಕೂ ಬಾಯಿ ಬರೋದಿಲ್ಲ, ನೋಡೋಕೆ ಹಾಗೇ ಇರುತ್ತದೆ.

ಇದಕ್ಕೆ ಹೆಸರಿಟ್ಟಿದ್ದು 1813ರಲ್ಲಿ, ಥಾಮಸ್ ಸಟನ್ ಅನ್ನೋ ಇಂಗ್ಲಿಷ್ ವೈದ್ಯ. ಡೆಲಿರಿಯಂ ಟ್ರೆಮೆನ್ಸ್, ಅಂದರೆ ನಡುಕದ ಜೊತೆ ಬರುವ ಬುದ್ಧಿಭ್ರಮೆ. ವಾರ್ಡಿನಲ್ಲಿ ಎಲ್ಲರೂ 'ಡಿಟಿ' ಅಂತಾರೆ. ಹೆಸರು ಬಂದರೂ ಕಾರಣದ ಜಗಳ ನೂರು ವರ್ಷಕ್ಕೂ ಜಾಸ್ತಿ ನಡೆಯಿತು. ಇದು ಕುಡಿದಿದ್ದರಿಂದ ಬರೋದೋ, ಬಿಟ್ಟಿದ್ದರಿಂದ ಬರೋದೋ? 1955ರಲ್ಲಿ ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ಹ್ಯಾರಿಸ್ ಇಸ್‌ಬೆಲ್ ಮತ್ತು ಜೊತೆಯವರು ಹತ್ತು ಜನಕ್ಕೆ ವಾರಗಟ್ಟಲೆ ಮದ್ಯ ಕೊಟ್ಟು, ಹೊಟ್ಟೆಗೂ ಚೆನ್ನಾಗಿ ಹಾಕಿ, ಆಮೇಲೆ ಒಂದೇ ಸಲ ನಿಲ್ಲಿಸಿ ನೋಡಿದರು. ಜಾಸ್ತಿ ದಿನ ಕುಡಿದವರಲ್ಲಿ ಫಿಟ್ಸ್ ಬಂತು, ಭ್ರಮೆ ಬಂತು. ಇವತ್ತು ಇಂಥ ಪ್ರಯೋಗಕ್ಕೆ ಯಾರೂ ಒಪ್ಪಿಗೆ ಕೊಡೋದಿಲ್ಲ, ಕೊಡಬಾರದು ಕೂಡ. ಆದರೆ ಬಿಟ್ಟಿದ್ದರಿಂದಲೇ ಬರೋದು ಅನ್ನೋದು ಅಲ್ಲಿಗೆ ಖಾತ್ರಿಯಾಯಿತು.

1960ರಲ್ಲಿ ಲಿಬ್ರಿಯಂ ಮಾರುಕಟ್ಟೆಗೆ ಬಂತು. ಇವತ್ತಿಗೂ ವಾರ್ಡಿನ ಟ್ರೇನಲ್ಲಿ ಇರುವ ಕ್ಲೋರ್ಡಯಜಿಪಾಕ್ಸೈಡ್ ಅದೇ. ಹೆಂಡ ಕೂರುತ್ತಿದ್ದ ಜಾಗದಲ್ಲಿ ಈ ಮಾತ್ರೆಯನ್ನು ಕೂರಿಸಿ, ದಿನಾ ಸ್ವಲ್ಪ ಸ್ವಲ್ಪ ಇಳಿಸುತ್ತಾ ಬರೋದು. ಇದರ ಜೊತೆ ಥಯಾಮಿನ್, ಅಂದರೆ ಬಿ1 ವಿಟಮಿನ್ ಇಂಜೆಕ್ಷನ್. ಕುಡುಕರ ಮೈಯಲ್ಲಿ ಇದು ಬರಿದಾಗಿರುತ್ತದೆ. ಇದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೇ ಪೆಟ್ಟು ಬೀಳಬಹುದು. ನಮ್ಮ ಕಡೆ ಸುಸ್ತಾದ ಕುಡುಕನನ್ನು ಹತ್ತಿರದ ಕ್ಲಿನಿಕ್‌ಗೆ ಕರೆದುಕೊಂಡು ಹೋಗಿ 'ಒಂದು ಡ್ರಿಪ್ಸ್ ಹಾಕಿ ಡಾಕ್ಟ್ರೇ' ಅನ್ನೋದು ಸುಮ್ನೆ ರೂಢಿ. ಆ ರೂಢಿಯಲ್ಲಿ ಇಂಥದ್ದೊಂದು ಅಪಾಯ ಇದೆ ಅಂತ ನನಗೆ ಗೊತ್ತಾಗಿದ್ದೂ ವಾರ್ಡಿನಲ್ಲೇ.

ಹಿಂದೆ ಡಿಟಿ ಬಂದವರಲ್ಲಿ ಮೂರರಲ್ಲೊಬ್ಬರು ಸಾಯುತ್ತಿದ್ದ ಕಾಲವೂ ಇತ್ತು. ಈಗ ಆಸ್ಪತ್ರೆ ಸೇರಿದರೆ ನೂರಕ್ಕೆ ಒಬ್ಬಿಬ್ಬರು, ಹೆಚ್ಚೆಂದರೆ ಐವರು. ಹೊತ್ತಿಗೆ ಸರಿಯಾಗಿ ಮಾತ್ರೆ, ಬಿ1, ನೀರು, ಪಕ್ಕದಲ್ಲಿ ಕಣ್ಣಿಟ್ಟು ನೋಡೋರು. ವ್ಯತ್ಯಾಸ ಇಷ್ಟರಿಂದಲೇ.

ಇಷ್ಟೆಲ್ಲ ಗೊತ್ತಾದ ಮೇಲೂ ಅದು ಕೋಲಾರದ ಹಳ್ಳಿಗೆ ತಲುಪೋಕೆ ಬಹಳ ಕಾಲ ಹಿಡಿಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸೋಕೆ ಅಂತಲೇ ಬೇರೆ ವಿಭಾಗ ಶುರುವಾಗಿದ್ದು 1991ರಲ್ಲಿ. ಅದಕ್ಕೂ ಮುಂಚೆ, ಆಮೇಲೂ, ನಮ್ಮಲ್ಲಿ ನಡೆದಿದ್ದು ಆಣೆ, ತಾಯತ, ಮತ್ತು 'ಔಷಧಿ ಹಾಕೋದು'. ಗಂಡನಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಪುಡಿ ಬೆರೆಸೋದು. ಕೆಲವು ಸಲ ಅದು ಯಾವುದೋ ಬೇರು. ಕೆಲವು ಸಲ ಡೈಸಲ್ಫಿರಮ್ ಮಾತ್ರೆ. ಡೆನ್ಮಾರ್ಕ್‌ನಲ್ಲಿ 1940ರ ದಶಕದಲ್ಲಿ ಹೊಟ್ಟೆಹುಳದ ಔಷಧಿ ಹುಡುಕುತ್ತಿದ್ದವರಿಗೆ ಸಿಕ್ಕಿದ ಮಾತ್ರೆ ಅದು. ತಗೊಂಡು ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಬಿದ್ದುಹೋಗುತ್ತದೆ. ಗೊತ್ತಿದ್ದು, ಒಪ್ಪಿ, ಡಾಕ್ಟರ್ ಕಣ್ಣೆದುರು ತಗೊಂಡರೆ ಕೆಲವರಿಗೆ ಒಳ್ಳೇದೇ. ಕದ್ದು ಹಾಕಿದರೆ ಪ್ರಾಣಕ್ಕೇ ಸಂಚಕಾರ. ನಮ್ಮ ಅತ್ತೆಯೂ ಒಂದು ಸಲ ಯಾರೋ ಕೊಟ್ಟ ಪೊಟ್ಟಣ ತಂದಿಟ್ಟುಕೊಂಡಿದ್ದರು. ಹಾಕೋಕೆ ಧೈರ್ಯ ಬರಲಿಲ್ಲವಂತೆ. ಸದ್ಯ.

90ರ ದಶಕದಿಂದ ಧರ್ಮಸ್ಥಳದ ಕಡೆಯಿಂದ ಮದ್ಯವರ್ಜನ ಶಿಬಿರಗಳು ಶುರುವಾದವು. ಯಾವುದೋ ಕಲ್ಯಾಣ ಮಂಟಪದಲ್ಲಿ ಎಂಟು ದಿನ, ಹತ್ತಾರು ಗಂಡಸರು ಒಟ್ಟಿಗೆ. ಯೋಗ, ಭಜನೆ, ಮಾತು, ಕೊನೇ ದಿನ ಹೆಂಡತಿ ಮಕ್ಕಳ ಮುಂದೆ ಪ್ರಮಾಣ. ಬಿಟ್ಟವರನ್ನು ಆಮೇಲೂ ಕೂಡಿಸೋಕೆ ನವಜೀವನ ಸಮಿತಿ. ನನಗೆ ಶಿಬಿರಗಳ ಬಗ್ಗೆ ಒಂದು ಗೌರವ ಇದೆ: ಕುಡುಕನನ್ನು ಹೂವಿನ ಹಾರ ಹಾಕಿ ಕೂರಿಸಿದ್ದು ನಮ್ಮ ಕಡೆ ಇವರೇ ಮೊದಲು. ಆದರೆ ಹಿಂದೆ ಫಿಟ್ಸ್ ಬಂದವನಿಗೆ, ಡಿಟಿ ಆದವನಿಗೆ ಮಂಟಪ ಸಾಲದು, ಆಸ್ಪತ್ರೆಯ ಹಾಸಿಗೆಯೇ ಬೇಕು.

ಆಮೇಲೆ ಬಂತು 2007ರ ಜುಲೈ 1. ರಾಜ್ಯದಲ್ಲಿ ಸಾರಾಯಿ ಬಂದ್. ಪ್ಯಾಕೆಟ್ ಸಾರಾಯಿ ಕುಡಿಯುತ್ತಿದ್ದ ಕೂಲಿಯವರಿಗೆ ಒಂದೇ ರಾತ್ರಿಯಲ್ಲಿ ಅಂಗಡಿ ಮುಚ್ಚಿತು. ಹೆಂಗಸರು ಖುಷಿಪಟ್ಟರು, ಪಡಬೇಕಾದ್ದೇ. ಆದರೆ ಅಂಗಡಿ ಮುಚ್ಚಿದಷ್ಟು ಸಲೀಸಾಗಿ ಮೈ ಮುಚ್ಚಿಕೊಳ್ಳೋದಿಲ್ಲವಲ್ಲ. ದುಡ್ಡಿದ್ದವರು ವಿಸ್ಕಿ, ರಮ್ಮಿಗೆ ಹೋದರು. ಇಲ್ಲದವರು ಸಿಕ್ಕಿದ್ದು ಕುಡಿದರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಪಕ್ಕದ ತಮಿಳುನಾಡಿನ ಗಡಿಯಲ್ಲಿ ಕಳ್ಳಬಟ್ಟಿ ಕುಡಿದು ನೂರಕ್ಕೂ ಜಾಸ್ತಿ ಜನ ಸತ್ತರು. ಅದರಲ್ಲಿದ್ದಿದ್ದು ಮೆಥನಾಲ್. ಸಾಯದೆ ಉಳಿದವರಲ್ಲೂ ಕೆಲವರ ಕಣ್ಣು ಅದು ಉಳಿಸೋದಿಲ್ಲ. ಸಾರಾಯಿ ನಿಲ್ಲಿಸಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ನಿಲ್ಲಿಸುವ ದಿನ ಗೊತ್ತಿತ್ತು, ಅದಕ್ಕೆ ತಕ್ಕ ಹಾಗೆ ತಾಲೂಕು ಆಸ್ಪತ್ರೆಗಳಲ್ಲಿ ನಾಲ್ಕು ಹಾಸಿಗೆ ತೆಗೆದಿಡಬೇಕು ಅನ್ನೋ ಯೋಚನೆ ದೊಡ್ಡದಾಗಿ ಯಾರಿಗೂ ಬರಲಿಲ್ಲ.

ಗಡಿ ಕಡೆಯದು ಇನ್ನೊಂದು ಪಾಡು. ಬಾಗೇಪಲ್ಲಿ, ಪಾವಗಡದ ಸುತ್ತ ಸೇಂದಿಗೆ 'ಸಿಎಚ್ ಪೌಡರ್' ಬೆರೆಸೋ ಚಾಳಿ. ಅದು ಕ್ಲೋರಲ್ ಹೈಡ್ರೇಟ್, ನಿದ್ದೆ ಬರಿಸೋ ಹಳೇ ಔಷಧಿ. ಅದು ಸಿಗದೆ ಹೋದರೂ ಫಿಟ್ಸ್, ಭ್ರಮೆ ಎರಡೂ ಬರುತ್ತವೆ. ಈಗಿನ ಹುಡುಗರ, ಅಫೀಮಿನ ಜಾತಿಯ ನೋವಿನ ಮಾತ್ರೆಗಳ ಚಟ ಬೇರೆ ಥರ: ಅದನ್ನು ಬಿಟ್ಟರೆ ಮೂಗು ಸೋರಿ, ಭೇದಿಯಾಗಿ, ಮೈ ಮುರಿದು ಹಾಕಿದ ಹಾಗೆ ನೋವು. ಸಾಮಾನ್ಯವಾಗಿ ಸಾಯೋದಿಲ್ಲ. ಆದರೆ ವಾರ್ಡಿನಿಂದ ಹೊರಗೆ ಬಂದು ಹಳೇ ಅಳತೆಯಲ್ಲೇ ತಗೊಂಡರೆ ಸಾಯಬಹುದು. ಅಷ್ಟರಲ್ಲಿ ಮೈಗೆ ತಡೆಯೋ ಶಕ್ತಿ ಹೋಗಿರುತ್ತದೆ.

ಸರ್ಕಾರಿ ಹಾಸಿಗೆ ಕಡಿಮೆ ಇದ್ದ ಜಾಗದಲ್ಲಿ ಚಟ ಬಿಡಿಸೋ ಖಾಸಗಿ 'ಸೆಂಟರ್'ಗಳು ಎದ್ದವು. ಒಳ್ಳೆಯವೂ ಇವೆ. ಮಾವ ಮೊದಲ ಸಲ ಹೋಗಿದ್ದು ಅಂಥ ಒಂದಕ್ಕೆ, ಅದು ಒಳ್ಳೆಯದಾಗಿರಲಿಲ್ಲ. ಮಧ್ಯರಾತ್ರಿ ನಾಲ್ಕು ಜನ ಬಂದು ಎತ್ತಿಕೊಂಡು ಹೋದರು. ದುಡ್ಡು ಕೊಟ್ಟು ಕರೆಸಿದ್ದು ನಾವೇ. ತಲೆ ಬೋಳಿಸಿದರು, ಬೀಗ ಹಾಕಿದರು. ನಡುಗುವ ಕೈಗೆ ಮಾತ್ರೆ ಕೊಡಲಿಲ್ಲ, 'ಅನುಭವಿಸಲಿ, ಬುದ್ಧಿ ಬರುತ್ತೆ' ಅಂದರಂತೆ. ಮೂರು ತಿಂಗಳಾದ ಮೇಲೆ ಹೊರಗೆ ಬಂದು ನಮ್ಮ ಜೊತೆ ಮಾತು ಬಿಟ್ಟರು, ಕುಡಿತ ಬಿಡಲಿಲ್ಲ.

2017ರ ಮಾನಸಿಕ ಆರೋಗ್ಯ ಕಾಯ್ದೆ ಇದನ್ನೆಲ್ಲ ಮುಟ್ಟುತ್ತದೆ ಅಂತ ನಮಗೆ ಆಗ ಗೊತ್ತಿರಲಿಲ್ಲ. ಕುಡಿತ, ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಯೂ ಅದರಲ್ಲಿ ಕಾಯಿಲೆಯೇ. ಸರಪಳಿ ಹಾಕುವಂತಿಲ್ಲ, ಬಲವಂತವಾಗಿ ತಲೆ ಬೋಳಿಸುವಂತಿಲ್ಲ ಅಂತ ಕಾಯ್ದೆಯಲ್ಲೇ ಬರೆದಿದೆ. ತಾನಾಗೇ ಸೇರಿದವನು ಮನೆಗೆ ಹೋಗುತ್ತೇನೆ ಅಂದರೆ ಕಳಿಸಬೇಕು, ಪರೀಕ್ಷೆ ಮಾಡೋಕೆ ಹೆಚ್ಚೆಂದರೆ 24 ಗಂಟೆ ತಡೆಯಬಹುದು. ಮನೆಯವರು ತೀರಾ ಬೇಕೆಂದು ಸೇರಿಸಿದಾಗಲೂ ಮೊದಲ ಅವಧಿ 30 ದಿನ ಮೀರುವಂತಿಲ್ಲ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದು ಅಂಗಡಿಗಳು ಮತ್ತೆ ಒಂದೇ ಸಲ ಮುಚ್ಚಿದವು. ಕರ್ನಾಟಕದಲ್ಲಿ ಬಾಗಿಲು ತೆರೆದಿದ್ದು ಮೇ 4ಕ್ಕೆ. ಆ ದಿನದ ಕ್ಯೂ ಫೋಟೊ ಎಲ್ಲರೂ ನೋಡಿ ನಕ್ಕಿದ್ದೇವೆ, ಅಲ್ವಾ? ಅದಕ್ಕೂ ಮುಂಚಿನ ವಾರಗಳಲ್ಲಿ ಆಸ್ಪತ್ರೆಗಳಿಗೆ ನಡುಕ, ಫಿಟ್ಸ್, ಡಿಟಿ ಅಂತ ಬಂದವರ ಫೋಟೊ ಯಾರೂ ತೆಗೆಯಲಿಲ್ಲ. ಪಕ್ಕದ ಕೇರಳದಲ್ಲಿ ಡಾಕ್ಟರ್ ಚೀಟಿ ಇದ್ದವರಿಗೆ ಮದ್ಯ ಕೊಡೋಕೆ ಸರ್ಕಾರ ಆದೇಶ ಮಾಡಿತು, ವೈದ್ಯರ ಸಂಘ ಸಿಟ್ಟಾಯಿತು, ಹೈಕೋರ್ಟ್ ತಡೆ ಕೊಟ್ಟಿತು. ಮಾವನಿಗೆ ಮೊದಲ ಫಿಟ್ಸ್ ಬಂದಿದ್ದೂ ಆ ಏಪ್ರಿಲ್‌ನಲ್ಲೇ. ಹೀಗೆ ಬಿಡೋದು, ಹಿಡಿಯೋದು, ಮತ್ತೆ ಬಿಡೋದು ಮಾಡಿದಷ್ಟೂ ಮುಂದಿನ ಸಲದ್ದು ಜೋರಾಗುತ್ತದೆ ಅಂತ ಡಾಕ್ಟರು ಆಮೇಲೆ ಹೇಳಿದರು.

ಇಷ್ಟಾದರೂ ಆಸ್ಪತ್ರೆ ಹಾಸಿಗೆವರೆಗೆ ಬರೋರು ಎಷ್ಟು ಜನ? ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಕುಡಿತಕ್ಕೆ ಪೂರ್ತಿ ಅಂಟಿಕೊಂಡವರಲ್ಲಿ 38 ಜನಕ್ಕೊಬ್ಬರಿಗೆ ಏನಾದರೊಂದು ಚಿಕಿತ್ಸೆ. ಒಳರೋಗಿಯಾಗಿ ಚಿಕಿತ್ಸೆ ಸಿಕ್ಕಿದ್ದು 180 ಜನಕ್ಕೊಬ್ಬರಿಗೆ. ನಮ್ಮ ಮಾವ ಆ ನೂರಾ ಎಂಬತ್ತರಲ್ಲಿ ಒಬ್ಬರು.

ಆ ಒಬ್ಬರು ವಾರ್ಡಿನಲ್ಲಿ ಕಳೆದ ಆ ಒಂದು ವಾರ ನನಗೆ ದಿನದಿನವೂ ನೆನಪಿದೆ. ಮೊದಲ ದಿನ ಫಾರಂಗೆ ಸಹಿ ಹಾಕೋಕೆ ಆಗದೆ ಹೆಬ್ಬೆಟ್ಟು ಒತ್ತಿದರು. ಎಸ್ಸೆಸ್ಸೆಲ್ಸಿ ಓದಿದ ಮನುಷ್ಯ, ಮುಖ ಆ ಕಡೆ ತಿರುಗಿಸಿಕೊಂಡು ಒತ್ತಿದರು. ಎರಡನೇ ದಿನ ಬೆವರಿಗೆ ಹಾಸಿಗೆ ಮೂರು ಸಲ ಬದಲಾಯಿತು. ಮೂರನೇ ರಾತ್ರಿ ಟೊಮೆಟೊ. ಐದನೇ ದಿನ ಹಸಿವು: ಎರಡು ಮುದ್ದೆ ಕೇಳಿ ಹಾಕಿಸಿಕೊಂಡರು. ಆರನೇ ದಿನ 'ನಾನು ಚೆನ್ನಾಗೇ ಇದ್ದೀನಿ, ಬಿಡಿಸ್ಕೊಂಡು ಹೋಗೋಣ, ಮಂಡಿಯಲ್ಲಿ ಸೀಸನ್ನು' ಅಂತ ಹಟ.

ಡಾಕ್ಟರಿಗೆ ಭಯ ಇದ್ದಿದ್ದು ಈ ಆರನೇ ದಿನದ್ದೇ. 'ನಾವು ಈ ವಾರದಲ್ಲಿ ಕುಡಿತ ಬಿಡಿಸಿಲ್ಲ, ಬಿಡುವಾಗ ಸಾಯದ ಹಾಗೆ ನೋಡಿಕೊಂಡಿದ್ದೀವಿ ಅಷ್ಟೆ' ಅಂದರು. ಬಿಡೋ ಕೆಲಸ ಈಗ ಶುರು: ತಿಂಗಳುಗಟ್ಟಲೆ ಮಾತ್ರೆ, ಕೌನ್ಸೆಲಿಂಗ್, ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋರು ಒಟ್ಟಿಗೆ ಕೂರೋ ಗುಂಪು) ಮೀಟಿಂಗ್. ಮಾವ ತಲೆ ಆಡಿಸಿದರು. ನಾಲ್ಕು ತಿಂಗಳು ಮುಟ್ಟಲಿಲ್ಲ. ಐದನೇ ತಿಂಗಳು ಯಾರದೋ ಮನೆಯ ತಿಥಿಯಲ್ಲಿ ಮುಟ್ಟಿದರು.

ಆಮೇಲೆ ಒಂದು ಬೆಳಗ್ಗೆ ಅವರೇ ಫೋನ್ ಮಾಡಿದರು. ಕುಡಿಯೋದು ನಿಲ್ಲಿಸಬೇಕು, ಆದರೆ ಮನೆಯಲ್ಲಿ ಬೇಡ ಅಂದರು. ಹಿಂದಿನ ಸಲದ ರಾತ್ರಿ ಅವರಿಗೆ ಒಂದು ಚೂರೂ ನೆನಪಿಲ್ಲ, ನಾನು ಹೇಳಿದ್ದಷ್ಟೇ. ಆಟೋದಲ್ಲಿ ಕೂತು ಎರಡೂ ಕೈ ತೊಡೆ ಕೆಳಗೆ ಸಿಕ್ಕಿಸಿಕೊಂಡಿದ್ದರು.

'ಅವತ್ತು ನಾನು ಎಷ್ಟು ಬಾಕ್ಸ್ ಲೋಡ್ ಮಾಡಿದ್ದೆ ಅಂದೆ ನೀನು?' ಅಂತ ಕೇಳಿದರು.

'ನೂರಾ ಮೂವತ್ತೊಂಬತ್ತು.'

'ಅಷ್ಟಕ್ಕೂ ಕೂಲಿ ಕೊಡಲಿಲ್ಲವಲ್ಲೋ ಯಾರೂ' ಅಂದರು. ಅಡ್ಮಿಷನ್ ಕೌಂಟರಿನಲ್ಲಿ ಈ ಸಲ ಸಹಿ ಹಾಕಿದರು. ಅಂಕುಡೊಂಕಾಗಿ ಬಂತು, ಆದರೂ ಓದೋ ಹಾಗಿತ್ತು.