ಮಗು ಬರೆಯುವಾಗ ಶಿಕ್ಷಕಿಯ ಕೈ ಎಲ್ಲಿರಬೇಕು

2020ರ ರಾಷ್ಟ್ರೀಯ ಶಿಕ್ಷಣ ನೀತಿಯು 3ರಿಂದ 8 ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿ ಹಂತವೆಂದು ಗುರುತಿಸಿ, ಅಲ್ಲಿ ಆಟವನ್ನೇ ಕಲಿಕೆಯ ಮುಖ್ಯ ದಾರಿಯಾಗಿ ಒಪ್ಪಿಕೊಂಡಿದೆ. ಈ ಹಂತದ ಸೃಜನಶೀಲ ಬೆಳವಣಿಗೆಯ ಪಾಠವನ್ನು ಓದುವಾಗ ನಾನು ಒಂದು ಪ್ರಶ್ನೆಯನ್ನು ಹಿಡಿದುಕೊಂಡಿದ್ದೇನೆ: ಮಗು ತನ್ನಷ್ಟಕ್ಕೆ ಏನನ್ನಾದರೂ ಕಟ್ಟುತ್ತಿರುವಾಗ ದೊಡ್ಡವರು ಎಷ್ಟು ಕೈಹಾಕಬೇಕು?

ಚಿಕ್ಕಮಗಳೂರು ಸಮೀಪದ ಕಾಫಿ ತೋಟದ ಪಕ್ಕದ ಅಂಗನವಾಡಿಗೆ ಬೋಧನಾಭ್ಯಾಸಕ್ಕೆ ಹೋದ ಮೊದಲ ವಾರ, ನಾನು ಕರಿಹಲಗೆಯ ಮೇಲೆ ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ಹೊಳೆ ಬರೆದು, ಹಾಗೆಯೇ ಬರೆಯಿರಿ ಎಂದೆ. ಸ್ವಲ್ಪ ಹೊತ್ತಿಗೆ ಎಲ್ಲ ಸ್ಲೇಟುಗಳಲ್ಲೂ ನನ್ನ ಬೆಟ್ಟಗಳೇ ಇದ್ದವು. ಬಾಗಿಲಾಚೆ ಆ ಮಕ್ಕಳು ದಿನವೂ ನೋಡುವ ಗಿರಿಸಾಲು ಉದ್ದಕ್ಕೆ ಮಲಗಿದಂತಿದೆ. ಮಂಜು ಕವಿದ ದಿನ ಅದು ಕಾಣುವುದೇ ಇಲ್ಲ. ಆ ಬೆಟ್ಟ ಒಂದು ಸ್ಲೇಟಿನಲ್ಲೂ ಬರಲಿಲ್ಲ, ಏಕೆಂದರೆ ಅದಕ್ಕೆ ನಾನು ಜಾಗವನ್ನೇ ಬಿಟ್ಟಿರಲಿಲ್ಲ.

ಮಕ್ಕಳ ಚಿತ್ರಕ್ಕೆ ತನ್ನದೇ ಬೆಳವಣಿಗೆಯ ಕ್ರಮವಿದೆಯೆಂದು ಕಲಾ ಶಿಕ್ಷಣ ತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ವಿವರಿಸಿದರು. ಅವರ ಪ್ರಕಾರ ಸುಮಾರು 2ರಿಂದ 4 ವರ್ಷದವರೆಗೆ ಗೀಚುವ ಹಂತ: ಮೊದಲು ಹಿಡಿತವಿಲ್ಲದ ಗೆರೆ, ಆಮೇಲೆ ಕೈಯ ಚಲನೆಗೂ ಗೆರೆಗೂ ಇರುವ ನಂಟನ್ನು ಕಂಡುಕೊಂಡ ಮಗು ಬೇಕೆಂದೇ ಎಳೆಯುವ ಗೆರೆ ಮತ್ತು ಸುತ್ತುಗಳು, ಕೊನೆಗೆ ಗೀಚಿದ್ದಕ್ಕೆ ಹೆಸರಿಡುವುದು. 4ರಿಂದ 7ರ ಹಂತದಲ್ಲಿ ತಲೆಯಿಂದಲೇ ಕಾಲು ಹೊರಟ ಮನುಷ್ಯ ಕಾಣಿಸಿಕೊಳ್ಳುತ್ತಾನೆ. ಅವನ ಹೊಟ್ಟೆ ಎಲ್ಲಿ ಎಂದು ತಿದ್ದುವುದು ತೊದಲುವ ಮಗುವಿಗೆ ವ್ಯಾಕರಣ ಹೇಳಿದಂತೆ. ಗೀಚಿದ್ದಕ್ಕೆ ಹೆಸರಿಡುವ ಗಳಿಗೆಯನ್ನು ನಾವು ಹೆಚ್ಚು ಗಮನಿಸಬೇಕೆಂದು ನನಗನಿಸುತ್ತದೆ; ಗೆರೆಯೊಂದು ಬೇರೊಂದರ ಬದಲಿಗೆ ನಿಲ್ಲಬಲ್ಲದು ಎಂಬ ಈ ಅರಿವು ಮುಂದೆ ಅಕ್ಷರಕ್ಕೂ ಬೇಕಾಗುತ್ತದೆ.

ಕಲ್ಪನೆ ಬರಿಗೈಯಲ್ಲಿ ಹುಟ್ಟುವುದಿಲ್ಲ ಎಂಬುದು ಮನೋವಿಜ್ಞಾನಿ ಲೆವ್ ವೈಗಾಟ್‌ಸ್ಕಿಯವರ ವಿಚಾರದ ಸಾರ: ಮಗು ತಾನು ಕಂಡುಂಡ ಅನುಭವದ ತುಣುಕುಗಳನ್ನೇ ಬಿಡಿಸಿ ಹೊಸದಾಗಿ ಜೋಡಿಸುತ್ತದೆ. ಇದು ನನಗೆ ಅರ್ಥವಾದದ್ದು ಕಾಫಿ ಕೊಯ್ಲಿನ ದಿನಗಳಲ್ಲಿ. ನಾಲ್ಕು ವರ್ಷದ ಹುಡುಗಿಯೊಬ್ಬಳು ಅಡಿಕೆ ಹಾಳೆಯಲ್ಲಿ ಎಲೆ ತುಂಬಿ, ಎರಡೂ ಕೈಯಲ್ಲಿ ಎತ್ತಿ ಹಿಡಿದು, “ಇವತ್ತು ಕೆಜಿ ಕಮ್ಮಿ ಬಂತು, ನಾಳೆ ಬೇಗ ಬಾ” ಎಂದು ಗೆಳತಿಗೆ ಹೇಳುತ್ತಿದ್ದಳು. ಸಂಜೆ ಹಣ್ಣು ತೂಗುವಲ್ಲಿ ಅಮ್ಮನ ಪಕ್ಕ ನಿಂತು ನೋಡಿದ್ದೆಲ್ಲ ಆಟವಾಗಿತ್ತು. ಹಾಳೆ ತಕ್ಕಡಿಯಾಗಿತ್ತು, ಅವಳು ತೋಟದ ಲೆಕ್ಕ ಬರೆಯುವ ರೈಟರ್ ಆಗಿದ್ದಳು. ಅಂದಿನ ವೇಳಾಪಟ್ಟಿಯಲ್ಲಿದ್ದ ಬಣ್ಣ ತುಂಬುವ ಕೆಲಸವನ್ನು ನಾನು ಮುಂದೂಡಿ, ಇನ್ನೊಂದು ಹಾಳೆಯನ್ನೂ ಒಂದು ತುಂಡು ಹಗ್ಗವನ್ನೂ ಅವರ ಕೈಗೆಟಕುವಲ್ಲಿ ಇಟ್ಟು ಸುಮ್ಮನೆ ಕುಳಿತೆ. ಹಗ್ಗ ಬಂದ ಮೇಲೆ ತಕ್ಕಡಿಯನ್ನು ಕಿಟಕಿಯ ಸರಳಿಗೆ ಕಟ್ಟುವ ಯೋಚನೆ ಅವರದೇ.

ಬಹುಮಾನದ ವಿಷಯದಲ್ಲಿ ಮನೋವಿಜ್ಞಾನಿಗಳಾದ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೆನಪಿಡಬೇಕು. ಚಿತ್ರ ಬರೆಯುವುದರಲ್ಲಿ ಮೊದಲೇ ಆಸಕ್ತಿಯಿದ್ದ ಶಿಶುವಿಹಾರದ ಮಕ್ಕಳಲ್ಲಿ ಒಂದು ಗುಂಪಿಗೆ, ಬರೆದರೆ ಪ್ರಶಸ್ತಿಪತ್ರ ಕೊಡುವುದಾಗಿ ಮುಂಚೆಯೇ ಹೇಳಲಾಗಿತ್ತು. ಇನ್ನೊಂದು ಗುಂಪಿಗೆ ಹೇಳದೆ ಕೊಡಲಾಯಿತು. ಮೂರನೆಯದಕ್ಕೆ ಏನೂ ಇರಲಿಲ್ಲ. ಕೆಲವು ದಿನಗಳ ಬಳಿಕ ಬಿಡುವಿನ ವೇಳೆಯಲ್ಲಿ ನೋಡಿದಾಗ, ಮಾತು ಕೊಟ್ಟು ಬಹುಮಾನಿಸಿದ ಗುಂಪಿನ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಸಮಯ ಮಾತ್ರ ಚಿತ್ರ ಬರೆದರು. ಚೆನ್ನಾಗಿ ಬರೆದರೆ ಸ್ಟಾರ್ ಹಾಕುತ್ತೇನೆ ಎಂಬ ನಮ್ಮ ರೂಢಿಯ ಮಾತನ್ನು ಈ ಬೆಳಕಿನಲ್ಲಿ ಬಿಟ್ಟುಬಿಡುವುದೇ ಸರಿ. ಅದರ ಬದಲು “ಇದರ ಕತೆ ಹೇಳ್ತೀಯಾ ಪುಟ್ಟಿ?” ಎಂದು ಕೇಳಿ, ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಚಿತ್ರದ ಹಿಂಬದಿಗೆ ದಿನಾಂಕದೊಂದಿಗೆ ಬರೆದಿಡಬಹುದು, ಕೆಲವು ತಿಂಗಳ ನಂತರ ಬೆಳವಣಿಗೆಯನ್ನು ತೋರಿಸುವ ದಾಖಲೆಯೂ ಅದೇ ಆಗುತ್ತದೆ.

ಸಾಮಗ್ರಿಗೆ ದುಡ್ಡು ಬೇಕಿಲ್ಲ. ಹಲಸಿನ ಎಲೆ, ಸಿಲ್ವರ್ ಓಕ್ ಎಲೆ, ತೆಂಗಿನ ಚಿಪ್ಪು, ಜೇಡಿಮಣ್ಣು ಸುತ್ತಲೇ ಸಿಗುತ್ತವೆ. ಕಾಫಿ ಬೀಜದಂಥ ಸಣ್ಣ ವಸ್ತುಗಳನ್ನು ಮಾತ್ರ 3 ವರ್ಷದೊಳಗಿನ ಮಕ್ಕಳ ಕೈಗೆ ಕೊಡಬಾರದು. ಅವರು ಅದನ್ನು ಬಾಯಿಗೆ ಅಥವಾ ಮೂಗಿಗೆ ಹಾಕಿಕೊಳ್ಳುವ ಅಪಾಯವಿದೆ.