ಬಿಯರ್ ಬಿಟ್ಟರೆ ಸೋರಿಯಾಸಿಸ್ ಹೋಗುತ್ತದೆಯೇ?

ಪ್ರಶ್ನೆ: ನನಗೆ 38 ವರ್ಷ. ಮೊಣಕೈ ಮತ್ತು ನೆತ್ತಿಯಲ್ಲಿ ಸೋರಿಯಾಸಿಸ್ ಇದೆ. ವಾರದ ಕೊನೆಯಲ್ಲಿ ಗೆಳೆಯರೊಂದಿಗೆ ಬಿಯರ್ ಕುಡಿಯುತ್ತೇನೆ. ಅದರಿಂದಲೇ ಈ ಕಾಯಿಲೆ ಬಂತೆಂದು ಮನೆಯವರು ಬೈಯುತ್ತಾರೆ. ಬಿಟ್ಟರೆ ವಾಸಿಯಾಗುತ್ತದೆಯೇ?

ಉತ್ತರ: ಮನೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಮದ್ಯವನ್ನು ಮೂಸಿಯೂ ನೋಡದವರಿಗೆ, ಶಾಲೆಗೆ ಹೋಗುವ ಮಕ್ಕಳಿಗೆ ಕೂಡ ಸೋರಿಯಾಸಿಸ್ ಬರುತ್ತದೆ. ದಾರಿ ತಪ್ಪಿದ ರೋಗನಿರೋಧಕ ವ್ಯವಸ್ಥೆ ಚರ್ಮದಲ್ಲಿ ಉರಿಯೂತ ಎಬ್ಬಿಸುತ್ತದೆ. ಸುಮಾರು ಒಂದು ತಿಂಗಳು ಹಿಡಿಯಬೇಕಾದ ಕೋಶಗಳ ಬೆಳವಣಿಗೆ ಕೆಲವೇ ದಿನಗಳಲ್ಲಿ ಮುಗಿದು, ಹೊಟ್ಟು ಉದುರುತ್ತದೆ. ಇದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು. ಬಿಯರ್ ಬಿಟ್ಟ ಮಾತ್ರಕ್ಕೆ ಕಾಯಿಲೆ ಬುಡಸಮೇತ ಹೋಗುವುದಿಲ್ಲ.

ಹಾಗೆಂದು ಬಿಯರ್ ನಿರಪರಾಧಿಯಲ್ಲ. ಹೆಚ್ಚು ಕುಡಿಯುವವರಲ್ಲಿ ಸೋರಿಯಾಸಿಸ್ ತೀವ್ರವಾಗಿರುವುದು, ಚಿಕಿತ್ಸೆಗೆ ಬಗ್ಗದಿರುವುದು ಹೆಚ್ಚು. ಅಮೆರಿಕದಲ್ಲಿ 80 ಸಾವಿರಕ್ಕೂ ಹೆಚ್ಚು ದಾದಿಯರನ್ನು 1991ರಿಂದ 2005ರವರೆಗೆ ಗಮನಿಸಿದ ಅಧ್ಯಯನವೊಂದರಲ್ಲಿ, ವಾರಕ್ಕೆ ಐದು ಅಥವಾ ಹೆಚ್ಚು ಲೋಟ ಸಾಮಾನ್ಯ ಬಿಯರ್ ಕುಡಿಯುವವರಿಗೆ ಈ ಕಾಯಿಲೆಯ ಅಪಾಯ ಕುಡಿಯದವರಿಗಿಂತ ಹೆಚ್ಚುಕಡಿಮೆ 1.8 ಪಟ್ಟು ಕಂಡುಬಂತು. ವೈನ್, ವಿಸ್ಕಿಯಂಥವುಗಳಲ್ಲಿ ಆ ನಂಟು ಕಾಣಲಿಲ್ಲ. ತಕ್ಷಣ ವಿಸ್ಕಿಗೆ ಬದಲಾಯಿಸಬೇಡಿ! ಅಲ್ಲಿ ನೋಡಿದ್ದು ಮಹಿಳೆಯರಲ್ಲಿ ಕಾಯಿಲೆ ಹೊಸದಾಗಿ ಶುರುವಾಗುವುದನ್ನು. ಈಗಾಗಲೇ ಕಾಯಿಲೆ ಇರುವ ನಿಮ್ಮ ಲೆಕ್ಕ ಬೇರೆ.

ನನಗೆ ಹೆಚ್ಚು ಆತಂಕ ಮಾತ್ರೆಗಳದ್ದು. ಕಾಯಿಲೆ ಮುಲಾಮಿಗೆ ಬಗ್ಗದಿದ್ದಾಗ ಮೆಥೊಟ್ರೆಕ್ಸೇಟ್ ಕೊಡುವುದುಂಟು, ಅದೂ ವಾರಕ್ಕೊಮ್ಮೆ ಮಾತ್ರ. ಅದು ಯಕೃತ್ತಿಗೆ ಹೊರೆ; ಮದ್ಯವೂ ಹೊರೆ. ಎರಡೂ ಸೇರಿದರೆ ಯಕೃತ್ತು ಗಟ್ಟಿಯಾಗುವವರೆಗೂ ಹೋಗಬಹುದು. ಇದೇ ಕಾಯಿಲೆಗೆ ಕೊಡುವ ಇನ್ನೊಂದು ಔಷಧಿ ಅಸಿಟ್ರೆಟಿನ್ ವಿಷಯ ಇನ್ನೂ ಸೂಕ್ಷ್ಮ. ಮದ್ಯದೊಂದಿಗೆ ಅದು ಎಟ್ರೆಟಿನೇಟ್ ಎಂಬ ರಾಸಾಯನಿಕವಾಗಿ ಮಾರ್ಪಟ್ಟು ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು, ಭ್ರೂಣಕ್ಕೆ ಹಾನಿ ಮಾಡಬಲ್ಲದು. ಗರ್ಭ ಧರಿಸಬಲ್ಲ ಮಹಿಳೆಯರಿಗೆ ಆ ಔಷಧಿ ಕೊಡಲು ವೈದ್ಯರು ಹಿಂದೇಟು ಹಾಕುವುದಕ್ಕೆ ಇದೂ ಒಂದು ಕಾರಣ.

ಆದ್ದರಿಂದ ವೈದ್ಯರ ಮುಂದೆ 'ಯಾವಾಗಲಾದರೂ ಒಮ್ಮೆ' ಎನ್ನಬೇಡಿ. ವಾರಕ್ಕೆ ಎಷ್ಟು ಬಾಟಲಿ ಎಂದು ಹೇಳಿ. ಮನೆಯವರಿಗೂ ಒಂದು ಮಾತು: ಈ ಕಾಯಿಲೆ ಅಂಟುವುದಿಲ್ಲ. ಜನ ದೂರ ಸರಿಯುವ ನೋವಿಗೇ ಕುಡಿತಕ್ಕೆ ಬೀಳುವವರಿದ್ದಾರೆ, ಬೈಗುಳ ಅವರನ್ನು ಬಿಡಿಸುವುದಿಲ್ಲ.

ನೀವು ವಾರದ ಕೊನೆಗೆ ಮಾತ್ರ ಕುಡಿಯುವವರಾದರೆ ಇಂದೇ ನಿಲ್ಲಿಸಬಹುದು. ದಿನವೂ ವಿಪರೀತ ಕುಡಿಯುವವರು ಮಾತ್ರ ಒಮ್ಮೆಲೇ ಬಿಡಬಾರದು. ನಡುಕ, ಫಿಟ್ಸ್ ಬರಬಹುದು. ಅಂಥವರು ವೈದ್ಯರ ನಿಗಾದಲ್ಲಿ ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ವಿಭಾಗವಿದೆ.