ಮೊಲದ ಡಿಸ್ಕ್ ಸರಿಹೋಯ್ತು ಸರಿ, ನಮ್ಮದು?

ಸೊಂಟನೋವು ಅಂತ ಎಂಆರ್‌ಐ ಮಾಡಿಸಿದ್ರೆ ರಿಪೋರ್ಟಲ್ಲಿ ಎಲ್4-ಎಲ್5 (ಸೊಂಟದ ನಾಲ್ಕನೇ ಐದನೇ ಮೂಳೆ ನಡುವಿನ) ಡಿಸ್ಕ್ ಸವೆದಿದೆ ಅಂತ ಬರೋದು ಈಗ ಮಾಮೂಲಿ. ಆಮೇಲೆ ಮೊಬೈಲ್ ಹಿಡ್ಕೊಂಡು ಹುಡುಕ್ತಾ ಕೂತ್ರೆ ಸ್ಟೆಮ್ ಸೆಲ್ (ಬೇರೆ ಬೇರೆ ತರದ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಹಾಕಿಸಿದ್ರೆ ಡಿಸ್ಕ್ ಮತ್ತೆ ಬೆಳೆಯುತ್ತೆ, ಪ್ರಾಣಿಗಳಲ್ಲಿ ಸಾಬೀತಾಗಿದೆ ಅನ್ನೋರು ಸಿಗ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ಇಂಥದ್ದನ್ನೆಲ್ಲ ಕ್ಲಿನಿಕಲ್ ಟ್ರಯಲ್ ಒಳಗೆ ಮಾತ್ರ ಮಾಡ್ಬೇಕು, ಅದು ಹಾಗಿರ್ಲಿ. ಪ್ರಾಣಿಗಳಲ್ಲಿ ಆಗಿದೆ ಅನ್ನೋದು ಸುಳ್ಳಲ್ಲ. ಆದ್ರೆ ಯಾವ ಪ್ರಾಣಿ, ಅದರ ಡಿಸ್ಕ್ ಹಾಳಾಗಿದ್ದು ಹೇಗೆ ಅಂತ ಕೇಳೋಕೆ ಶುರು ಮಾಡಿದ್ರೆ ವಿಷಯ ಬೇರೇನೇ ಇದೆ.

ಡಿಸ್ಕ್ ಅಂದ್ರೆ ಬೆನ್ನುಮೂಳೆಗಳ ನಡುವಿನ ಮೆತ್ತೆ: ಮಧ್ಯದಲ್ಲಿ ನೀರು ತುಂಬಿದ ಜೆಲ್ ತರದ ನ್ಯೂಕ್ಲಿಯಸ್, ಸುತ್ತ ಪದರ ಪದರವಾಗಿ ನಾರಿನ ಉಂಗುರ. ದೊಡ್ಡೋರಲ್ಲಿ ನ್ಯೂಕ್ಲಿಯಸ್ ಒಳಗೆ ರಕ್ತನಾಳಾನೇ ಇರಲ್ಲ, ಜೀವಕೋಶಗಳು ಗಾತ್ರದಲ್ಲಿ ಸುಮಾರು ಶೇ. 1 ಅಷ್ಟೇ, ಅವುಗಳಿಗೆ ಬೇಕಾದ ಗ್ಲೂಕೋಸು ಆಕ್ಸಿಜನ್ನು ಮುಖ್ಯವಾಗಿ ಮೇಲಿನ ಕೆಳಗಿನ ಮೂಳೆಯಿಂದ ಜಿನುಗಿ ಬರ್ಬೇಕು, ಲ್ಯಾಕ್ಟಿಕ್ ಆಸಿಡ್ ಅದೇ ದಾರೀಲಿ ವಾಪಸ್ ಹೋಗ್ಬೇಕು. ಈ ಕೋಶಗಳು ಕಮ್ಮಿಯಾಗ್ತಾ ಹೋದ ಹಾಗೆ ನೀರು ಹಿಡಿದಿಡೋ ಪ್ರೋಟಿಯೋಗ್ಲೈಕಾನ್ ಕಮ್ಮಿಯಾಗಿ ಜೆಲ್ ಒಣಗುತ್ತೆ, ಎಂಆರ್‌ಐನಲ್ಲಿ ಕಪ್ಪಗೆ ಕಾಣುತ್ತೆ. ಹಾಗಾದ್ರೆ ಹೊರಗಿಂದ ಕೋಶ ತುಂಬಿಸಿದ್ರೆ ಆಯ್ತಲ್ಲ ಅಂತ ಅನ್ನಿಸೋದು ಸಹಜ.

ಜಪಾನಿನ ಟೋಕಾಯ್ ಯೂನಿವರ್ಸಿಟಿಯ ದೈಸುಕೆ ಸಕಾಯ್, ಜೋಜಿ ಮೋಚಿದಾ ತಂಡ ಇದನ್ನ ಮೊಲದಲ್ಲಿ ಮಾಡಿ 2003ರಲ್ಲಿ ಪ್ರಕಟಿಸ್ತು. ಸಿರಿಂಜಿನಲ್ಲಿ ಮೊಲದ ನ್ಯೂಕ್ಲಿಯಸ್ ಎಳೆದು ತೆಗೆದ್ರು, ಅದೇ ಮೊಲದ ಮೂಳೆಮಜ್ಜೆಯಿಂದ ಮೆಸೆಂಕೈಮಲ್ ಸ್ಟೆಮ್ ಸೆಲ್ (ಮೂಳೆ, ಮೃದ್ವಸ್ಥಿ ತರದ ಕೋಶಗಳಾಗಬಲ್ಲ ಸೆಲ್) ತೆಗೆದು ಕೊಲಾಜನ್ ಜೆಲ್ಲಲ್ಲಿ ಕಲಸಿ ಡಿಸ್ಕಿಗೆ ಚುಚ್ಚಿದ್ರು. 2006ರ ಪೇಪರಲ್ಲಿ 24 ವಾರದ ಲೆಕ್ಕ ಕೊಟ್ರು: ಸೆಲ್ ಹಾಕಿದ ಡಿಸ್ಕಿನ ಎತ್ತರ ಮಾಮೂಲಿಯ ಸುಮಾರು ಶೇ. 91, ಹಾಕದೇ ಇದ್ದಿದ್ದು ಶೇ. 67. ಫಲಿತಾಂಶ ಭರ್ಜರಿ, ಎಲ್ಲರೂ ಈ ಕಡೆ ತಿರುಗಿ ನೋಡಿದ್ರು.

ತಕರಾರು ಇರೋದು ಮೊಲದಲ್ಲೇ. ಭ್ರೂಣದ ಕಾಲದಿಂದ ಬಂದ, ಜೆಲ್ ಕಾಪಾಡೋಕೆ ನೆರವಾಗೋ ನೋಟೋಕಾರ್ಡಲ್ ಕೋಶಗಳು ಮೊಲ, ಇಲಿಗಳ ಡಿಸ್ಕಲ್ಲಿ ದೊಡ್ಡದಾದ ಮೇಲೂ ಉಳಿದಿರುತ್ವೆ, ಮನುಷ್ಯರಲ್ಲಿ ಸುಮಾರು 10 ವರ್ಷಕ್ಕೇ ಹೆಚ್ಚುಕಮ್ಮಿ ಖಾಲಿ. ನಮ್ಮ ಸೊಂಟದ ಡಿಸ್ಕ್ ಒಂದು ಸೆಂಟಿಮೀಟರ್ ಆಸುಪಾಸು ದಪ್ಪ, ಮೊಲದ್ದು ಅದರ ಮುಂದೆ ತೀರಾ ತೆಳು, ಆಹಾರ ಜಿನುಗಿ ಬರೋ ದೂರಾನೇ ಕಮ್ಮಿ. ಮೇಲಾಗಿ ಎಳೇ ಮೊಲಕ್ಕೆ ಸೂಜಿ ಚುಚ್ಚಿ ಎರಡು ವಾರದಲ್ಲಿ ಮಾಡಿದ ಗಾಯಾನೂ ಮೂವತ್ತು ವರ್ಷ ಮೂಟೆ ಹೊತ್ತು ಸವೆದ ಡಿಸ್ಕೂ ಒಂದೇ ಅಂದ್ರೆ ಹೇಗೆ ಒಪ್ಪೋದು?

ಅದಕ್ಕೇ ಮುಂದಿನ ಪ್ರಯೋಗಕ್ಕೆ ನಾಯಿ. ಡ್ಯಾಷ್‌ಹಂಡ್, ಬೀಗಲ್ ತರದ ಗಿಡ್ಡ ಕಾಲಿನ ತಳಿಗಳಲ್ಲಿ ಡಿಸ್ಕ್ ಚಿಕ್ಕ ವಯಸ್ಸಲ್ಲೇ ಹಾಳಾಗುತ್ತೆ ಅನ್ನೋದನ್ನ ಸ್ವೀಡನ್ನಿನ ಸಂಶೋಧಕ ಹ್ಯಾನ್ಸನ್ 1952ರಲ್ಲೇ ವಿವರವಾಗಿ ಬರೆದಿದ್ರು. ನೋಟೋಕಾರ್ಡಲ್ ಕೋಶಾನೂ ಇವುಗಳಲ್ಲಿ ಬೇಗ ಹೋಗುತ್ವೆ. ಟೋಕಾಯ್ ತಂಡ ಬೀಗಲ್‌ಗೆ ಬಂತು, 2010ರಲ್ಲಿ ಒಂದು ಲಕ್ಷ, ಹತ್ತು ಲಕ್ಷ, ಒಂದು ಕೋಟಿ ಸೆಲ್ ಅಂತ ಮೂರು ಡೋಸ್ ಹಾಕಿ ನೋಡಿದಾಗ ಗೆದ್ದಿದ್ದು ಹತ್ತು ಲಕ್ಷದ್ದು. ಕೋಟಿ ಹಾಕಿದ ಕಡೆ ಸಾಯೋ ಕೋಶಗಳೇ ಜಾಸ್ತಿ! ಮೊದಲೇ ಊಟ ಕಮ್ಮಿ ಇರೋ ಮನೆಗೆ ನೆಂಟರನ್ನ ತುಂಬಿದ ಹಾಗೆ.

2012ರಲ್ಲಿ ಸಂಶೋಧಕ ವದಾಲಾ ಮತ್ತವರ ಜೊತೆಗಾರರು ಮೊಲದಲ್ಲೇ ಇನ್ನೊಂದು ತೊಂದರೆ ತೋರಿಸಿದ್ರು. ಗುರುತು ಹಾಕಿದ ಸೆಲ್ಲುಗಳನ್ನ ಡಿಸ್ಕಿಗೆ ಚುಚ್ಚಿ ಕೆಲವು ವಾರ ಬಿಟ್ಟು ನೋಡಿದ್ರೆ ನ್ಯೂಕ್ಲಿಯಸ್ಸಲ್ಲಿ ಅವು ಇಲ್ಲ, ಡಿಸ್ಕ್ ಸುಧಾರಿಸಿಲ್ಲ, ಪಕ್ಕದಲ್ಲಿ ದೊಡ್ಡ ದೊಡ್ಡ ಮೂಳೆ ಮುಳ್ಳು ಬೆಳೆದಿದೆ, ಗುರುತಿನ ಸೆಲ್ಲುಗಳು ಸಿಕ್ಕಿದ್ದು ಆ ಮುಳ್ಳಿನೊಳಗೆ. ಸೂಜಿ ಮಾಡಿದ ತೂತಿಂದ ಸೋರಿರೋದೇ ಕಾರಣ ಇರ್ಬೇಕು ಅಂದ್ರು. ಸೂಜಿ ತಾನೂ ಸಾಧು ಅಲ್ಲ: ಪರೀಕ್ಷೆಗೆ ಅಂತ ಸೂಜಿ ಚುಚ್ಚಿಸಿಕೊಂಡ ಮನುಷ್ಯರ ಡಿಸ್ಕು ಹತ್ತು ವರ್ಷದಲ್ಲಿ ಬೇರೆಯವರದ್ದಕ್ಕಿಂತ ಜಾಸ್ತಿ ಹಾಳಾಗಿತ್ತು ಅಂತ ಅಮೆರಿಕಾದ ಬೆನ್ನುಮೂಳೆ ಸರ್ಜನ್ ಕ್ಯಾರಜೀ 2009ರಲ್ಲೇ ವರದಿ ಮಾಡಿದ್ರು.

ನನಗೆ ಮುಖ್ಯ ಅನ್ಸೋದು 2017ರಲ್ಲಿ ಬಂದ ಜರ್ಮನ್ ಶೆಫರ್ಡ್ ನಾಯಿಗಳ ಪ್ರಯೋಗ, ಯಾಕಂದ್ರೆ ಅವು ಲ್ಯಾಬಲ್ಲಿ ಗಾಯ ಮಾಡಿಸಿಕೊಂಡ ನಾಯಿಗಳಲ್ಲ, ತಾವಾಗೇ ಡಿಸ್ಕ್ ಕಾಯಿಲೆ ಬಂದು ಆಸ್ಪತ್ರೆಗೆ ಬಂದವು. ಅವುಗಳದ್ದೇ ಸ್ಟೆಮ್ ಸೆಲ್ ಹಾಕಿದ್ರು. ಅಪಾಯ ಏನೂ ಆಗ್ಲಿಲ್ಲ, ಡಿಸ್ಕ್ ಮತ್ತೆ ಬೆಳೆದಿದ್ದೂ ಕಾಣ್ಲಿಲ್ಲ.

ಮನುಷ್ಯರ ಮೇಲಿನ ದೊಡ್ಡ ಟ್ರಯಲ್ ಆಸ್ಟ್ರೇಲಿಯಾದ ಮೆಸೋಬ್ಲಾಸ್ಟ್ ಕಂಪನಿಯದ್ದು, ಅವರ ಸೆಲ್ಲುಗಳು ಮೊದಲು ಕುರಿಗಳ ಡಿಸ್ಕಲ್ಲಿ ಪಾಸಾಗಿ ಬಂದಿದ್ವು. 404 ಜನ, ಫಲಿತಾಂಶ ಬಂದಿದ್ದು 2021ರಲ್ಲಿ. ನೋವು ಮತ್ತು ಓಡಾಟ ಎರಡನ್ನೂ ಸೇರಿಸಿ ಇಟ್ಟಿದ್ದ ಗುರಿ ಮುಟ್ಟಲಿಲ್ಲ, ಆದ್ರೆ ಹೈಲುರಾನಿಕ್ ಆಸಿಡ್ (ಸೆಲ್ ಹೊತ್ತೊಯ್ಯೋ ಅಂಟಂಟು ದ್ರವ) ಜೊತೆ ಸೆಲ್ ಹಾಕಿಸಿಕೊಂಡವರಲ್ಲಿ ನೋವು ಮಾತ್ರ ಬರೀ ಸಲೈನ್ ಹಾಕಿಸಿಕೊಂಡವರಿಗಿಂತ ಚೆನ್ನಾಗಿ ಇಳಿದಿತ್ತು. ಮೊಲಕ್ಕೆ ಎಷ್ಟು ನೋಯ್ತಿದೆ ಅಂತ ಹೇಳೋಕೆ ಬರಲ್ಲ, ಹಾಗಾಗಿ ಅಲ್ಲಿ ಎತ್ತರ, ನೀರಿನಂಶ ಅಳೆದ್ರು. 2024ರಲ್ಲಿ ಅಮೆರಿಕಾದಲ್ಲಿ ಶುರುವಾದ ಅದೇ ಕಂಪನಿಯ ಮುಂದಿನ ಟ್ರಯಲಲ್ಲಿ ಮುಖ್ಯ ಅಳತೆ 12 ತಿಂಗಳಿಗೆ ನೋವು ಎಷ್ಟು ಇಳೀತು ಅನ್ನೋದು.